ಆಟಿಕೆಯ ಎಂಜಿನ್ನಿಗೆ ಮಸಿ ಹತ್ತಿದ ಕಥೆ

ಒಬ್ಬರ ಮುಖಕ್ಕೆ ಮಸಿ ಬಳಿಯುವುದೆಂದರೆ ನಮ್ಮಲ್ಲಿ ಮಾನ ಕಳೆಯುವುದೆಂದೇ ಅರ್ಥ. ಹೀಗಿರಲು, ಸಾವಿರಾರು ರೂಪಾಯಿ ತೆತ್ತು ತಂದ ಮಾದರಿ ರೈಲು ಎಂಜಿನ್ನಿಗೆ ತಾವೇ ಕುಳಿತು ಮಸಿ ಬಳಿಯುವ, ತುಕ್ಕಿನ ಬಣ್ಣ ಹಚ್ಚುವ, ಎಣ್ಣೆಯ ಕಲೆ ಮೂಡಿಸುವ ಜನರು ಲೋಕದಲ್ಲಿ ಇದ್ದಾರೆಂದರೆ ವಾಚಕರು ಥಟ್ಟನೆ ನಂಬಲಾರರು. ಇದ್ದಾರೆ. ಇಂಗ್ಲೆಂಡು, ಅಮೆರಿಕ, ಜರ್ಮನಿಗಳಲ್ಲಿ ಬಹು ಮಂದಿ ಇದ್ದಾರೆ. ನಮ್ಮ ದೇಶದಲ್ಲಿಯೂ ಅಲ್ಲಲ್ಲಿ ಕೆಲವರಿದ್ದಾರೆ. ಅವರಲ್ಲಿ ಈ ಲೇಖಕನೂ ಒಬ್ಬ. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ವೆದರಿಂಗ್’ ಎಂದು ಹೆಸರು. ಬಿಸಿಲು, ಮಳೆ, ಹೊಗೆ, ದುಡಿಮೆಗಳಿಂದ ಒಂದು ವಸ್ತು ಮಾಸುವ ಬಗೆಯನ್ನು ಬಣ್ಣದಲ್ಲಿ ತೋರಿಸುವುದು ಎಂದು ಅದರ ಭಾವ. ನನ್ನ ಅನುಕೂಲಕ್ಕಾಗಿ ಇದನ್ನು ‘ಮಾಸಲುಗೆಲಸ’ ಎಂದು ಕರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಹೆಸರು ಹೊಳೆದವರು ದಯವಿಟ್ಟು ತಿಳಿಸಬೇಕು.

ನಾನು ಇತಿಹಾಸಕಾರನಲ್ಲ. ಬಿ.ಕಾಂ. ಮುಗಿಸಿ ಮುಂಬಯಿಗೆ ಬಂದು ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಹಗಲೆಲ್ಲ ಅಂಕೆಗಳ ನಡುವೆ ಇದ್ದು, ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಮನೆ ಸೇರಿ, ಮಕ್ಕಳು ಮಲಗಿದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಒಂದು ಗಂಟೆ ಈ ಕೆಲಸ ಮಾಡುವೆನು. ನಮ್ಮ ಸ್ಮರಣ ಸಂಚಿಕೆಯ ಸಂಪಾದಕರು “ನಿಮ್ಮ ಆ ಹುಚ್ಚಿನ ವಿಷಯವನ್ನೇ ಬರೆಯಿರಿ” ಎಂದಾಗ ಮೊದಲು ಸಂಕೋಚವಾಯಿತು. ಆದರೆ ಯೋಚಿಸಿದಷ್ಟೂ, ಹೊಳೆಯುತ್ತಿದ್ದ ಆಟಿಕೆ ಮಾಸಲು ಬಣ್ಣಕ್ಕೆ ತಿರುಗಿದ ಈ ಕಥೆಯಲ್ಲಿ ದುಡಿದುಣ್ಣುವ ಮನೆಗಳವರೆಲ್ಲ ಕೇಳತಕ್ಕ ಒಂದು ಮಾತಿದೆ ಎನಿಸಿತು. ಆ ಮಾತನ್ನು ನನಗೆ ಕಲಿಸಿದವರು ಇಬ್ಬರು ಪರದೇಶದವರು ಮತ್ತು ನನ್ನ ತಂದೆ.

ತಗಡಿನ ಹೊಳಪು

ಆಟದ ರೈಲುಗಳು ಬಹು ಹಿಂದಿನಿಂದಲೂ ಇದ್ದವು. ಆದರೆ ಅವಕ್ಕೆ ಒಂದು ಪದ್ಧತಿ ಬಂದುದು 1891ರಲ್ಲಿ. ಆ ವರ್ಷ ಜರ್ಮನಿಯ ಗೋಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಸಂಸ್ಥೆಯವರು ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟರೆ ಓಡುವ ಎಂಜಿನ್ನನ್ನೂ ಎಂಟರ ಅಂಕೆಯ ಆಕಾರದ ಹಳಿಯನ್ನೂ ಇಟ್ಟರು. ಹಳಿಗಳ ನಡುವಣ ಅಗಲಕ್ಕೆ ನಿಶ್ಚಿತವಾದ ಅಳತೆಗಳನ್ನು ಗೊತ್ತುಮಾಡಿದರು. ಒಮ್ಮೆ ಹಳಿ ಕೊಂಡ ಮನೆಯವರು ವರ್ಷ ವರ್ಷವೂ ಅದೇ ಅಳತೆಯ ಡಬ್ಬಿಗಳನ್ನು ಕೊಂಡು ಸೇರಿಸಬಹುದಾಯಿತು. ಇಂಗ್ಲೆಂಡಿನಲ್ಲಿ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ವ್ಯಾಪಾರಕ್ಕೆ ತೊಡಗಿದರು. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಅವರ ರೈಲುಗಳು 1920ರಲ್ಲಿ ಅಂಗಡಿಗೆ ಬಂದವು.

ಅಗ್ಗದ ಎಂಜಿನ್ನುಗಳೆಲ್ಲ ತಗಡಿನವು. ತಗಡನ್ನು ಬಗ್ಗಿಸುವ ಮೊದಲೇ, ಅದು ಚಪ್ಪಟೆಯಾಗಿರುವಾಗಲೇ, ಕಲ್ಲಚ್ಚಿನ ವಿಧಾನದಿಂದ ಅದರ ಮೇಲೆ ಬಣ್ಣ ಮುದ್ರಿಸುತ್ತಿದ್ದರು. ಬಾಗಿಲು, ಕಿಟಕಿ, ರಿವೆಟ್ಟಿನ ಸಾಲು, ಚಿನ್ನದ ಗೆರೆ ಎಲ್ಲವೂ ಅಚ್ಚಿನವೇ. ಆಮೇಲೆ ವಾರ್ನಿಷ್ ಕೊಟ್ಟು, ಕತ್ತರಿಸಿ, ಮಡಿಸಿ, ಕಿವಿಗಳನ್ನು ಸಿಕ್ಕಿಸಿ ಎಂಜಿನ್ನಿನ ರೂಪಕ್ಕೆ ತರುತ್ತಿದ್ದರು. ಅಂಗಡಿಯ ಗಾಜಿನೊಳಗೆ ಅದು ಮಿಂಚಬೇಕು, ಹೊರಗೆ ನಿಂತ ಮಗು ತಂದೆಯ ಕೈ ಜಗ್ಗಬೇಕು. ಹೊಳಪಿಗೆ ಇದ್ದ ಕೆಲಸ ಇಷ್ಟೇ.

ಆದರೆ ಈ ಹವ್ಯಾಸವು ಮಕ್ಕಳಲ್ಲಿಯೇ ನಿಲ್ಲಲಿಲ್ಲ. ಲಂಡನ್ನಿನಲ್ಲಿ 1910ರಲ್ಲಿಯೇ ವಯಸ್ಕರ ಮಾದರಿ ರೈಲ್ವೆ ಕ್ಲಬ್ಬು ಹುಟ್ಟಿತು. 1925ರಲ್ಲಿ ‘ಮಾಡೆಲ್ ರೈಲ್ವೆ ನ್ಯೂಸ್’ ಎಂಬ ಪತ್ರಿಕೆಯೂ, ಅಮೆರಿಕದಲ್ಲಿ 1934ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಎಂಬ ಪತ್ರಿಕೆಯೂ ಹೊರಟವು. ಈ ದೊಡ್ಡವರು ಅಳತೆಯಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸುತ್ತಿರಲಿಲ್ಲ. ಇಂಥ ಕಂಪನಿಯ ಹಸುರು ಇಂಥದೇ ಛಾಯೆಯದೋ ಅಲ್ಲವೋ ಎಂದು ಪುಟಗಟ್ಟಲೆ ವಾದಿಸುತ್ತಿದ್ದರು. ಅಷ್ಟಾದರೂ ಅವರ ಎಂಜಿನ್ನುಗಳು ಮಾತ್ರ ಕಾರ್ಖಾನೆಯ ಬಾಗಿಲಿನಿಂದ ಈಗತಾನೇ ಹೊರಬಿದ್ದಂತೆ ಥಳಥಳಿಸುತ್ತಿದ್ದವು. ಸರಿಯಾದ ಬಣ್ಣವಿದ್ದರೆ ಸತ್ಯ ಬಂದಂತೆಯೇ ಎಂಬುದು ಅವರ ನಂಬಿಕೆ.

ಆ ಹೊಳಪು ಯಾರದು?

ಅವರನ್ನು ನಾವು ಹಾಸ್ಯ ಮಾಡಕೂಡದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ನಿಜವಾದ ಎಂಜಿನ್ನುಗಳೂ ಹಾಗೆಯೇ ಇದ್ದವು. ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಮಿಡ್‌ಲ್ಯಾಂಡ್ ಕಂಪನಿಯದು ಕಡುಗೆಂಪು. ಗ್ರೇಟ್ ವೆಸ್ಟರ್ನ್ ಕಂಪನಿಯದು ಹಸುರು. ಕ್ಯಾಲೆಡೋನಿಯನ್ ಕಂಪನಿಯದು ನೀಲಿ. ಬ್ರೈಟನ್ ಕಂಪನಿಯಲ್ಲಿ 1870ರಿಂದ 1889ರ ವರೆಗೆ ಎಂಜಿನ್ನುಗಳ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ಸ್ಟ್ರೌಡ್ಲಿ ಅವರು ತಮ್ಮ ಬಣ್ಣಕ್ಕೆ ‘ಸುಧಾರಿತ ಎಂಜಿನ್ ಹಸುರು’ ಎಂದು ಹೆಸರಿಟ್ಟಿದ್ದರು. ಆದರೆ ನೋಡಿದವರಿಗೆಲ್ಲ ಅದು ಗೋಪಿಯಂತಹ ಹಳದಿಯಾಗಿ ಕಾಣುತ್ತಿತ್ತು! ಆ ಮಹಾಶಯರು ಇನ್ನೊಂದು ಕೆಲಸ ಮಾಡಿದರು: ಒಬ್ಬ ಡ್ರೈವರನಿಗೆ ಒಂದು ಎಂಜಿನ್ನು ಎಂದು ಗೊತ್ತುಪಡಿಸಿ, ಅವನು ನಿಲ್ಲುವ ಗೂಡಿನೊಳಗೆ ಅವನ ಹೆಸರನ್ನು ಬರೆಯಿಸಿದರು. ತನ್ನ ಹೆಸರಿದ್ದ ಎಂಜಿನ್ನನ್ನು ಯಾರು ತಾನೆ ಕೊಳಕಾಗಲು ಬಿಟ್ಟಾರು?

ಆ ಹೊಳಪನ್ನು ಕಾಯುತ್ತಿದ್ದವರು ಶೆಡ್ಡಿನ ಕ್ಲೀನರ್ ಹುಡುಗರು. ರೈಲ್ವೆಯಲ್ಲಿ ಡ್ರೈವರನಾಗಬೇಕೆಂಬ ಹುಡುಗ ಮೊದಲು ಕ್ಲೀನರನಾಗಿ ಸೇರಬೇಕು, ಆಮೇಲೆ ಫೈರ್‌ಮನ್, ವರ್ಷಗಳು ಉರುಳಿದ ಮೇಲೆ ಡ್ರೈವರ್. ರಾತ್ರಿಯೆಲ್ಲ ಎಣ್ಣೆಯಲ್ಲಿ ಅದ್ದಿದ ಹತ್ತಿಯ ವೇಸ್ಟಿನಿಂದ ಉಜ್ಜಿ ಉಜ್ಜಿ ಬೆಳಗಾಗುವುದರೊಳಗೆ ಎಂಜಿನ್ನನ್ನು ಕನ್ನಡಿ ಮಾಡುವುದು ಅವರ ಕೆಲಸ. ಆದುದರಿಂದ ಆ ಹೊಳಪು ಕೂಡ ದುಡಿಮೆಯ ಗುರುತೇ ಆಗಿತ್ತು. ಬಣ್ಣದ ಕೆಳಗೆ ಹುಡುಗರ ಕೈಗಳಿದ್ದವು.

ಎರಡು ಮಹಾಯುದ್ಧಗಳು ಈ ಏರ್ಪಾಡನ್ನು ಮುರಿದವು. ಗಂಡಸರು ರಣರಂಗಕ್ಕೂ ಮದ್ದುಗುಂಡಿನ ಕಾರ್ಖಾನೆಗೂ ಹೋದರು. ಅವರ ಸ್ಥಳಕ್ಕೆ ಹೆಂಗಸರು ಬಂದು ಶೆಡ್ಡುಗಳಲ್ಲಿ ಎಂಜಿನ್ನು ತೊಳೆದರು. ಆದರೂ ಇದ್ದ ಕೈಗಳಿಗಿಂತ ಇದ್ದ ಕೆಲಸ ಹೆಚ್ಚು. ಎರಡನೆಯ ಯುದ್ಧದಲ್ಲಿ ಬಣ್ಣಗಳನ್ನೇ ಬಿಟ್ಟು ಗೆರೆಯಿಲ್ಲದ ಬರಿಯ ಕಪ್ಪನ್ನು ಬಳಿದರು. 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಎಂದರೆ ಸುಮಾರು 203 ಕಿಲೋಮೀಟರ್ ವೇಗದಲ್ಲಿ ಓಡಿ ಉಗಿಯಂತ್ರಗಳ ದಾಖಲೆ ಸ್ಥಾಪಿಸಿದ ‘ಮ್ಯಾಲರ್ಡ್’ ಎಂಬ ನೀಲಿ ಸುಂದರಿಗೂ ಯುದ್ಧಕಾಲದಲ್ಲಿ ಕಪ್ಪುಬಣ್ಣವೇ ಗತಿಯಾಯಿತು. ಯುದ್ಧ ಮುಗಿದ ಮೇಲೆಯೂ ಹಳೆಯ ಮೆರುಗು ಪೂರ್ತಿಯಾಗಿ ಮರಳಲಿಲ್ಲ. ಮೈಕೊಳೆಯ ಈ ಕೆಲಸಕ್ಕೆ ಹುಡುಗರು ಸಿಗುವುದು ಕಷ್ಟವಾಯಿತು. 1968ರ ಆಗಸ್ಟಿನಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಲ್ಲಿ ಉಗಿಬಂಡಿಗಳ ಓಡಾಟ ಮುಗಿಯುವ ಹೊತ್ತಿಗೆ ಎಷ್ಟೋ ಎಂಜಿನ್ನುಗಳ ಮೈಯಲ್ಲಿ ಶುಭ್ರವಾಗಿ ಉಳಿದ ಜಾಗ ಒಂದೇ: ಗೂಡಿನ ಪಕ್ಕದಲ್ಲಿ ನಂಬರಿದ್ದ ಎರಡು ಗೇಣು ಸ್ಥಳ. ಅದನ್ನಷ್ಟೇ ಯಾರೋ ಒರೆಸಿರುತ್ತಿದ್ದರು. ವಾಚಕರು ಈ ಎರಡು ಗೇಣು ಸ್ಥಳವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇಬ್ಬರು ಜಾನ್‌ರು

ಹೀಗೆ ನಿಲ್ದಾಣದಲ್ಲಿ ನಿಂತ ಎಂಜಿನ್ನು ಮಸಿಯಾಗಿತ್ತು. ಮನೆಯಲ್ಲಿ ಓಡುವ ಅದರ ಮಾದರಿ ಇನ್ನೂ ಮದುಮಗನಂತೆ ಮೆರೆಯುತ್ತಿತ್ತು. ಈ ಅಂತರವನ್ನು ಕಂಡವರಲ್ಲಿ ಇಬ್ಬರು ಮುಖ್ಯರು. ಇಬ್ಬರ ಹೆಸರೂ ಜಾನ್.

ಮೊದಲನೆಯವರು ಇಂಗ್ಲೆಂಡಿನ ಜಾನ್ ಅಹರ್ನ್. 1930ರ ದಶಕದ ಕೊನೆಯಲ್ಲಿ ಅವರು ತಮ್ಮ ಮನೆಯಲ್ಲಿ ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪನೆಯ ಕಣಿವೆಯೊಂದನ್ನೂ ಅದರ ಸಣ್ಣ ರೈಲುಮಾರ್ಗವನ್ನೂ ಕಟ್ಟಲು ತೊಡಗಿದರು. ಅಳತೆ, ನಿಜದ ಎಪ್ಪತ್ತಾರನೆಯ ಒಂದು ಪಾಲು. ಅದುವರೆಗೆ ಮಾದರಿ ರೈಲು ಎಂದರೆ ಹಲಗೆಯ ಮೇಲೆ ಹಳಿ, ಹಳಿಯ ಮೇಲೆ ಎಂಜಿನ್ನು. ಸುತ್ತಲಿನ ಊರು ಹೆಸರಿಗೆ ಮಾತ್ರ. ಅಹರ್ನ್ ಅವರು ಊರನ್ನೂ ರೈಲನ್ನೂ ಒಂದೇ ಚಿತ್ರವಾಗಿ ಕಂಡರು. ಊರಿನ ಗೋಡೆಗೆ ಮಳೆಯ ಕಲೆ ಇರುವುದಾದರೆ, ಅದೇ ಮಳೆಯಲ್ಲಿ ನಿಂತ ಎಂಜಿನ್ನಿನ ಮೈ ಹೊಸದಾಗಿರುವುದು ಹೇಗೆ? ಅವರು ಮಿನುಗನ್ನು ತೆಗೆದು ಮಂಕು ಬಣ್ಣಗಳನ್ನು ತಂದರು. ಕಟ್ಟಡ, ಎಂಜಿನ್ನು, ಭೂದೃಶ್ಯಗಳನ್ನು ಮಾಡುವ ಬಗೆಯನ್ನು ಲೇಖನ-ಪುಸ್ತಕಗಳಲ್ಲಿ ಧಾರಾಳವಾಗಿ ಹೇಳಿಕೊಟ್ಟರು. 1961ರಲ್ಲಿ ಅವರು ತೀರಿಕೊಂಡರು. ಅವರ ಕಣಿವೆಯು ಆಕ್ಸ್‌ಫರ್ಡ್ ಪ್ರಾಂತದ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯ ಪೆಂಡನ್ ಮ್ಯೂಸಿಯಮ್ಮಿನಲ್ಲಿ ಉಳಿದು ಬಂದಿದೆ. ಆ ಮ್ಯೂಸಿಯಂ ಕಟ್ಟಿದ ರಾಯ್ ಇಂಗ್ಲೆಂಡ್ ಅವರ ಕಥೆಯೂ ಸ್ವಾರಸ್ಯದ್ದೇ. ಅವರು 1925ರಲ್ಲಿ ಆಸ್ಟ್ರೇಲಿಯದಿಂದ ಬಂದ ಪರಸ್ಥಳದವರು. ಹುಲ್ಲುಮಾಡಿನ ಹಳೆಯ ಮನೆಗಳು ಕಣ್ಣೆದುರೇ ಮಾಯವಾಗುವುದನ್ನು ಕಂಡು, ಅವುಗಳ ರೂಪವನ್ನಾದರೂ ಉಳಿಸುವೆನೆಂದು ಹಟ ತೊಟ್ಟರು. ಊರಿನವರಿಗೆ ದಿನನಿತ್ಯದ ಬಳಕೆಯಿಂದ ಕಾಣದೆ ಹೋದದ್ದು ಹೊರಗಿನಿಂದ ಬಂದವರ ಕಣ್ಣಿಗೆ ಬೀಳುವುದುಂಟು.

ಎರಡನೆಯವರು ಅಮೆರಿಕದ ಜಾನ್ ಅಲೆನ್. 1913ರಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಛಾಯಾಚಿತ್ರಕಾರರು. ಕ್ಯಾಲಿಫೋರ್ನಿಯದ ಮಾಂಟೆರೆ ಪಟ್ಟಣದಲ್ಲಿ ನೆಲೆಸಿ, 1946ರಿಂದ ಕೊನೆಯುಸಿರಿನ ತನಕ ಒಂದೇ ರೈಲುಮಾರ್ಗವನ್ನು ಮೂರು ಸಲ ಹಿಗ್ಗಿಸಿ ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು ‘ಗೋರಿ ಅಂಡ್ ಡಿಫೀಟೆಡ್’. ರಕ್ತ ಸುರಿಸಿ ಸೋತದ್ದು ಎಂಬರ್ಥ ಬರುವಂತೆ ಮಾಡಿದ ಶ್ಲೇಷೆ. ನೆಲದಿಂದ ಮಾಡಿನವರೆಗೆ ಏಳುವ ಬೆಟ್ಟಗಳು, ಜಾಗವನ್ನು ದೊಡ್ಡದಾಗಿ ತೋರುವ ಗುಪ್ತ ಕನ್ನಡಿಗಳು, ಡಬ್ಬಿಗಳನ್ನು ಎಳೆಯಲು ‘ಎಮ್ಮಾ’ ಎಂಬ ಪುರಾತನ ಕಾಲದ ದೈತ್ಯೋರಗದ ಬೊಂಬೆ, ವಿನೋದಕ್ಕೆ ಕೊರತೆಯಿರಲಿಲ್ಲ. ಆದರೆ ಬಣ್ಣದ ವಿಷಯದಲ್ಲಿ ವಿನೋದವಿಲ್ಲ. ಕ್ಯಾಮೆರಾದ ಕಣ್ಣಿಗೆ ಸುಳ್ಳು ಬೇಗ ಸಿಕ್ಕಿಬೀಳುವುದೆಂದು ಬಲ್ಲ ಅವರು ಎಂಜಿನ್ನು, ಡಬ್ಬಿ, ಕಟ್ಟಡ, ಹಳಿ ಯಾವುದನ್ನೂ ಹೊಸತಾಗಿ ಕಾಣಲು ಬಿಡಲಿಲ್ಲ. ಅವರು ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಬಂದವು. ‘ವೆದರಿಂಗ್’ ಅಮೆರಿಕದ ಹವ್ಯಾಸಿಗಳ ಮನೆಮಾತಾದುದರಲ್ಲಿ ಅವರ ಪಾಲು ಬಹು ದೊಡ್ಡದು.

1973ರ ಜನವರಿ 6ರಂದು ಅವರು ತೀರಿಕೊಂಡರು. ಹತ್ತೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು, ಇಪ್ಪತ್ತಾರು ವರ್ಷದ ಕೆಲಸದಲ್ಲಿ ಬಹುಪಾಲು ಬೂದಿಯಾಯಿತು. ಜೀವಮಾನವೆಲ್ಲ ಹುಸಿ ಮಸಿಯನ್ನು ಬಳಿದವರ ಕೈಕೆಲಸಕ್ಕೆ ಕಡೆಗೆ ನಿಜದ ಮಸಿಯೇ ಆವರಿಸಿತು. ಈಗ ನಮಗುಳಿದಿರುವುದು ಹೆಚ್ಚಾಗಿ ಆ ಛಾಯಾಚಿತ್ರಗಳೇ.

ಬರಬರುತ್ತ ದಾರಿ ಸುಗಮವಾಯಿತು. ಅಮೆರಿಕದ ಫ್ಲೋಕ್ವಿಲ್ ಬಣ್ಣಗಳು, ಇಂಗ್ಲೆಂಡಿನ ಹಂಬ್ರಾಲ್ ಬಣ್ಣದ ಪುಟ್ಟ ಡಬ್ಬಿಗಳು ಹವ್ಯಾಸಿಗಳ ಕೈಗೆ ಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹುಟ್ಟಿದ್ದ ಏರ್‌ಬ್ರಷ್, ಎಂದರೆ ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಊದುವ ಪೆನ್ನಿನಂತಹ ಸಾಧನ, ಈ ಕೆಲಸಕ್ಕೂ ಒದಗಿತು. ಯುದ್ಧದ ಟ್ಯಾಂಕುಗಳ ಮಾದರಿ ಮಾಡುವವರು, ಅವರಲ್ಲಿಯೂ ಬೆಲ್ಜಿಯಂ ದೇಶದ ಫ್ರಾಂಸ್ವಾ ವರ್ಲಿಂಡೆನ್, ತೆಳುಬಣ್ಣ ಹರಿಸುವ ಮತ್ತು ಒಣಕುಂಚ ಸವರುವ ವಿಧಾನಗಳನ್ನು ಪ್ರಸಿದ್ಧಿಗೆ ತಂದರು. ಈಗಂತೂ ಕಂಪನಿಗಳವರೇ ಕಾರ್ಖಾನೆಯಲ್ಲಿ ಮಸಿ ಬಳಿದು, ‘ವೆದರ್ಡ್’ ಎಂದು ಡಬ್ಬದ ಮೇಲೆ ಬರೆದು ಮಾರುತ್ತಾರೆ. ಮಗುವನ್ನು ಮರುಳು ಮಾಡಲು ಹೊಳಪು ಬೇಕಾಗಿದ್ದ ವ್ಯಾಪಾರಕ್ಕೆ, ದೊಡ್ಡವರನ್ನು ಮರುಳು ಮಾಡಲು ಮಸಿಯೂ ಒಂದು ಸರಕಾಯಿತು!

ಡ್ಯೂಟಿಗೆ ಹೋಗದ ಎಂಜಿನ್ನು

ಇದನ್ನೆಲ್ಲ ಓದುವ ಮೊದಲಿನ ಮಾತು. ಕೆಲವು ವರ್ಷಗಳ ಹಿಂದೆ ಚೋರ್ ಬಜಾರಿನಲ್ಲಿ ನನಗೊಂದು ಹಳೆಯ ಜರ್ಮನ್ ಮಾದರಿ ಎಂಜಿನ್ನು ಸಿಕ್ಕಿತು. ನಿಜದ ಎಂಬತ್ತೇಳನೆಯ ಒಂದು ಪಾಲು. ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು ಚಕ್ರ. ನಮ್ಮ ಮೀಟರ್ ಗೇಜಿನ ‘ವೈಜಿ’ ಎಂಬ ಗೂಡ್ಸ್ ಎಂಜಿನ್ನಿನ ಚಕ್ರದ ಜೋಡಣೆಯೂ ಇದೇ. ಹುಬ್ಬಳ್ಳಿಯ ಕಡೆ ಕ್ಲೀನರನಾಗಿ ಸೇರಿ ಫೈರ್‌ಮನ್ನನಾದ ನನ್ನ ತಂದೆ ಕಲ್ಲಿದ್ದಲು ಹಾಕಿದ್ದು ಅಂಥ ಎಂಜಿನ್ನಿಗೇ. ನಿವೃತ್ತರಾಗಿ ಈಗ ನಮ್ಮೊಡನೆ ಇರುವ ಅವರಿಗೆ ಸಂತೋಷವಾಗಲೆಂದು ಒಂದು ತಿಂಗಳು ಕುಳಿತು ಅದಕ್ಕೆ ಬಣ್ಣ ಕೊಟ್ಟೆ. ಹಳೆಯ ಬಣ್ಣ ಕಳಚಿ, ಸೋಪಿನ ನೀರಿನಲ್ಲಿ ತೊಳೆದು, ಬೂದುಬಣ್ಣದ ಪ್ರೈಮರ್ ಹಚ್ಚಿ, ಮೇಲೆ ಕಪ್ಪು ಎನಾಮೆಲ್ ಮೂರು ಕೋಟು, ಅಂಚಿಗೆ ಕೆಂಪು ಗೆರೆ. ದೀಪದ ಕೆಳಗೆ ಇಟ್ಟರೆ ಮುಖ ಕಾಣುವಷ್ಟು ಹೊಳಪು!

ತಂದೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ “ಚಂದ ಅದ” ಎಂದರು. ಒಂದು ಕ್ಷಣ ಬಿಟ್ಟು, “ಆದರ ತಮ್ಮಾ, ಇದು ಒಂದು ದಿವಸಾನೂ ಡ್ಯೂಟಿಗೆ ಹೋಗಿಲ್ಲಲ್ಲೋ” ಎಂದರು.

ಎಲ್ಲಿ ತಪ್ಪಿದೆನೆಂದು ಹುಡುಕುತ್ತ ಹೋದಾಗಲೇ ನಾನು ಅಹರ್ನ್, ಅಲೆನ್ ಅವರನ್ನು ಕಂಡುಕೊಂಡದ್ದು. ಮೊದಲ ಪಾಠ ಬೆಳಕಿನದು. ಎಂಜಿನ್ನನ್ನು ಎಂಬತ್ತೇಳು ಪಾಲು ಕಿರಿದು ಮಾಡಬಹುದು. ಬೆಳಕನ್ನು ಕಿರಿದು ಮಾಡಲಾಗದು. ಮಾದರಿಯನ್ನು ನಾವು ಎರಡು ಅಡಿ ದೂರದಿಂದ ನೋಡಿದರೆ, ಲೆಕ್ಕದ ಪ್ರಕಾರ ನಿಜವಾದ ಎಂಜಿನ್ನನ್ನು 174 ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರಕ್ಕೆ ಯಾವ ಕಪ್ಪೂ ಕಡುಗಪ್ಪಾಗಿ ಕಾಣುವುದಿಲ್ಲ. ನಡುವಣ ಗಾಳಿ ಮತ್ತು ಧೂಳು ಅದನ್ನು ಬೂದಿಗೆ ತಿರುಗಿಸಿರುತ್ತವೆ. ಆದುದರಿಂದ ಕಪ್ಪಿಗೆ ತುಸು ಬಿಳಿ, ತುಸು ಕಂದು ಬೆರೆಸಬೇಕು; ಮೇಲೆ ಹೊಳಪಿಲ್ಲದ ವಾರ್ನಿಷ್ ಕೊಡಬೇಕು.

ಉತ್ಸಾಹದಿಂದ ಮತ್ತೆ ಕುಳಿತೆ. ಮಸಿ ಬೇಕಲ್ಲವೇ? ಬಳಿದೆ. ತುಕ್ಕು ಬೇಕಲ್ಲವೇ? ಅದನ್ನೂ ಕೈ ಬಿಚ್ಚಿ ಬಳಿದೆ. ಚಕ್ರ, ಬಾಯ್ಲರ್, ಟೆಂಡರ್ ಎನ್ನದೆ ಎಲ್ಲ ಕಡೆಗೂ ಒಂದೇ ಸಮನೆ ಕೆಮ್ಮಣ್ಣು ಎರಚಿದಂತಾಯಿತು. ತಂದೆಯವರು ಈ ಸಲ ತಡಮಾಡದೆ ಹೇಳಿದರು: “ಇದು ಕೆಲಸ ಮಾಡಿದ ಎಂಜಿನ್ ಅಲ್ಲೋ, ಕೈಬಿಟ್ಟ ಎಂಜಿನ್. ಶೆಡ್ಡಿನ ಹಿಂದ ಹುಲ್ಲಾಗ ನಿಂತಿರತಾವಲ್ಲ, ಹಂಗ ಆಗೇತಿ.”

ಮಾಸಲುಗೆಲಸದ ಎಲ್ಲ ಗುಟ್ಟೂ ಈ ಎರಡು ಮಾತುಗಳಲ್ಲಿ ಅಡಗಿದೆ. ದುಡಿದು ಮಾಸಿದ್ದು ಬೇರೆ, ಕೇಳುವವರಿಲ್ಲದೆ ಹಾಳಾದದ್ದು ಬೇರೆ. ದುಡಿದ ಎಂಜಿನ್ನಿನ ಮೈಮೇಲಿನ ಒಂದೊಂದು ಕಲೆಗೂ ಒಂದೊಂದು ಕಾರಣವಿದೆ. ಕಾರಣವಿಲ್ಲದ ಕಲೆ ಸುಳ್ಳು ವೋಚರಿದ್ದಂತೆ. ಅದನ್ನು ಲೆಕ್ಕಕ್ಕೆ ಹಿಡಿಯಲಾಗದು.

ತಂದೆಯವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಜಿನ್ನಿನ ಚಿತ್ರ ಬರೆದು ಒಂದೊಂದೇ ಕಾರಣ ಹೇಳಿದರು. ಚಿಮಣಿಯ ಹಿಂದೆ ಬಾಯ್ಲರಿನ ನೆತ್ತಿಯ ಮೇಲೂ ಗೂಡಿನ ಮಾಡಿನ ಮೇಲೂ ಮಸಿ ಕೂರುತ್ತದೆ. ಹೊಗೆ ಹಿಂದಕ್ಕೆ ಹಾಯುವುದರಿಂದ. ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆಯ ಬಣ್ಣ ಕಾವಿಗೆ ಸುಟ್ಟು ಬೂದಿಬಣ್ಣಕ್ಕೆ ತಿರುಗಿ, ಅದರ ಬುಡದಲ್ಲಿ ತುಕ್ಕು ಹಣಿಕುತ್ತದೆ. ಚಕ್ರಗಳ ಮೇಲಿನ ಕಂದು ಬಣ್ಣವೆಲ್ಲ ತುಕ್ಕಲ್ಲ. ಬ್ರೇಕಿನ ಕಟ್ಟೆಗಳು ತೇದ ಬೀಡುಕಬ್ಬಿಣದ ಪುಡಿ, ಹಳಿಯ ಧೂಳು ಎಣ್ಣೆಗೆ ಅಂಟಿದ್ದು. ಚಕ್ರಗಳನ್ನು ಜೋಡಿಸುವ ಕಬ್ಬಿಣದ ತೋಳುಗಳು ಮಾತ್ರ ಎಣ್ಣೆಯಿಂದ ಮಿನುಗಬೇಕು; ಅಲ್ಲಿ ಎಣ್ಣೆಯಿಲ್ಲದಿದ್ದರೆ ಎಂಜಿನ್ನು ಓಡದು. ಕಾಲಿಟ್ಟು ಹತ್ತುವ ಮೆಟ್ಟಿಲೂ ಕೈಹಿಡಿಯುವ ಸರಳೂ ಸವೆದು ಲೋಹದ ಬಣ್ಣ ಕಾಣಬೇಕು.

ಇನ್ನು ಬಿಳಿಯ ಗೆರೆಗಳು. ಬಾಯ್ಲರಿಗೆ ನೀರು ಸೇರುವ ಕೀಲುಗಳಿಂದಲೂ, ಸೀಟಿಯ ಬುಡದಿಂದಲೂ, ಹೆಚ್ಚಾದ ಉಗಿಯನ್ನು ಹೊರಬಿಡುವ ಕವಾಟದಿಂದಲೂ ನೀರು ಹನಿಹನಿಯಾಗಿ ಸೋರುತ್ತದೆ. ಗಡಸು ನೀರಿನಲ್ಲಿ ಕರಗಿರುವ ಸುಣ್ಣದಂಶವು ಬಿಸಿ ಬಾಯ್ಲರಿನ ಮೇಲೆ ಆರಿ, ಕಣ್ಣೀರಿಳಿದ ಗುರುತಿನಂತೆ ಬಿಳಿಯ ಗೆರೆಯಾಗಿ ನಿಲ್ಲುತ್ತದೆ. ನಾನು ಅದಕ್ಕೊಂದು ಬಣ್ಣ ತರಿಸುವ ಯೋಚನೆಯಲ್ಲಿದ್ದಾಗ ತಂದೆಯವರು, “ಅದಕ್ಕ ಬಣ್ಣ ಯಾಕ ಬೇಕೋ? ವಿಭೂತಿ ಸಾಕು” ಎಂದರು. ಹಾಗೆಯೇ ಮಾಡಿದೆವು. ವಿಭೂತಿಯ ಪುಡಿಯಿಂದ ಬಿಳಿಯ ಗೆರೆ, ದೀಪದ ಕಾಡಿಗೆಯಿಂದ ಮಸಿ, ಇಟ್ಟಿಗೆಯನ್ನು ತೇದು ಬಟ್ಟೆಯಲ್ಲಿ ಜಾಲಿಸಿದ ಧೂಳಿನಿಂದ ಹಳಿಯ ಮಣ್ಣು. ಮೃದುವಾದ ಕುಂಚದಿಂದ ಮೇಲಿನಿಂದ ಕೆಳಕ್ಕೆ, ನೀರಿಳಿಯುವ ದಿಕ್ಕಿನಲ್ಲಿಯೇ ಸವರಬೇಕು. ಹೆಚ್ಚಾದುದನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಕಡೆಗೆ ಹೊಳಪಿಲ್ಲದ ವಾರ್ನಿಷನ್ನು ದೂರದಿಂದ ಮಂಜಿನಂತೆ ಊದಿ ನಿಲ್ಲಿಸಬೇಕು. ಹಚ್ಚುವುದಕ್ಕಿಂತ ಒರೆಸುವುದೇ ಹೆಚ್ಚಿನ ಕೆಲಸ.

ಎಲ್ಲ ಮುಗಿಯಿತೆಂದಾಗ ತಂದೆಯವರು ತಮ್ಮ ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ, ಗೂಡಿನ ಪಕ್ಕದ ನಂಬರಿನ ಮೇಲೆ ಮೆಲ್ಲಗೆ ಒರೆಸಿದರು. ಅಲ್ಲಿನ ಮಸಿ ಹೋಗಿ ಅಂಕೆಗಳು ಬೆಳ್ಳಗೆ ಕಂಡವು. “ಎಷ್ಟ ಮಸಿ ಆಗಲಿ, ನಂಬರ್ ಮಾತ್ರ ಒರೆಸತಿದ್ವಿ. ಓದಾಕ ಬರಬೇಕಲ್ಲ?” ಎಂದರು. ಲ್ಯಾಂಕಶೈರಿನ ಶೆಡ್ಡಿನ ಕ್ಲೀನರನಿಗೂ ಹುಬ್ಬಳ್ಳಿಯ ಕಡೆಯ ಕ್ಲೀನರನಿಗೂ ಮಾತುಕತೆಯಿರಲಿಲ್ಲ. ಒರೆಸಿದ ಜಾಗ ಒಂದೇ.

ಸವಕಳಿಯ ಲೆಕ್ಕ

ವಾಣಿಜ್ಯಶಾಸ್ತ್ರ ಓದಿದವರಿಗೆ ‘ಸವಕಳಿ’ ಎಂಬ ಮಾತು ಗೊತ್ತು. ಯಂತ್ರ ಕೊಂಡ ಬೆಲೆಯಲ್ಲಿ ವರ್ಷ ವರ್ಷವೂ ಇಂತಿಷ್ಟು ಕಳೆಯುತ್ತ ಬಂದು, ಕಡೆಗೊಂದು ದಿನ ಗುಜರಿ ಬೆಲೆಗೆ ನಿಲ್ಲಿಸುತ್ತೇವೆ. ಲೆಕ್ಕಕ್ಕೆ ಇದು ಸರಿಯೇ. ಆದರೆ ನಮ್ಮ ಲೆಡ್ಜರು ಸವಕಳಿಯ ಮೊತ್ತವನ್ನು ಹೇಳುತ್ತದೆಯೇ ಹೊರತು, ಯಂತ್ರ ಎಲ್ಲಿ ಸವೆಯಿತು, ಯಾರ ಕೈಯಲ್ಲಿ ಸವೆಯಿತು, ಅದರೊಡನೆ ಯಾರು ಸವೆದರು ಎಂಬುದನ್ನು ಹೇಳುವುದಿಲ್ಲ. ಲೆಡ್ಜರು ಬಿಟ್ಟ ಈ ಕಾಲಂ ತುಂಬುವ ಕೆಲಸವೇ ಮಾಸಲುಗೆಲಸ ಎಂದು ನನ್ನ ತಿಳಿವಳಿಕೆ.

ನಮ್ಮ ದೇಶದಲ್ಲಿಯೂ ಈ ಲೆಕ್ಕ ಮುಗಿದುಹೋಗಿದೆ. ಚಿತ್ತರಂಜನದ ಕಾರ್ಖಾನೆಯಿಂದ ಬ್ರಾಡ್ ಗೇಜಿನ ಕೊನೆಯ ಉಗಿ ಎಂಜಿನ್ನು ‘ಅಂತಿಮ್ ಸಿತಾರಾ’ 1970ರಲ್ಲಿ ಹೊರಬಂದಿತು; ಮೀಟರ್ ಗೇಜಿನ ಕೊನೆಯ ವೈಜಿ 1972ರಲ್ಲಿ. ಬ್ರಾಡ್ ಗೇಜಿನಲ್ಲಿ ದಿನವಹಿ ಉಗಿಬಂಡಿಯ ಓಡಾಟ 1995ರ ಡಿಸೆಂಬರಿನಲ್ಲಿ ನಿಂತಿತು. ಡಾರ್ಜಿಲಿಂಗ್, ನೀಲಗಿರಿಯಂತಹ ಬೆಟ್ಟದ ಹಾದಿಗಳಲ್ಲಿ ಮಾತ್ರ ಇನ್ನೂ ಉಗಿಯ ಉಸಿರು ಕೇಳುತ್ತದೆ. ಉಳಿದವನ್ನು ದಿಲ್ಲಿಯಲ್ಲಿ 1977ರಲ್ಲಿಯೂ ಮೈಸೂರಿನಲ್ಲಿ 1979ರಲ್ಲಿಯೂ ಸ್ಥಾಪಿತವಾದ ರೈಲು ಮ್ಯೂಸಿಯಮ್ಮುಗಳಲ್ಲಿ ಕಾಣಬಹುದು. ಪುಣೆಯಲ್ಲಿ ಜೋಶಿ ಅವರ ಮಾದರಿ ರೈಲುಗಳ ಮ್ಯೂಸಿಯಂ 1998ರಿಂದ ಇದೆ. ಮಕ್ಕಳಿದ್ದವರು ಒಮ್ಮೆ ಅವಶ್ಯವಾಗಿ ಹೋಗಬೇಕು. ಬಿಸಿಲು ಮಳೆಯಲ್ಲಿ ನಿಲ್ಲುವ ಮ್ಯೂಸಿಯಮ್ಮಿನ ಎಂಜಿನ್ನಿಗೆ ಬಣ್ಣದ ರಕ್ಷಣೆ ಬೇಕೇ ಬೇಕು. ಅದಕ್ಕೆ ಹೊಸ ಎನಾಮೆಲ್ ಬಳಿಯುವುದು ನ್ಯಾಯವೇ. ಆದರೆ ಆ ಬಣ್ಣದ ಕೆಳಗೆ ಫೈರ್‌ಮನ್ನನ ಅಂಗೈಯ ಗುರುತು ಮುಚ್ಚಿಹೋಗುತ್ತದೆ. ಆ ಗುರುತು ಉಳಿಯುವುದು ಹಳೆಯ ಫೋಟೋಗಳಲ್ಲಿ, ಕಂಡವರ ನೆನಪಿನಲ್ಲಿ, ಅಡಿಗೆಮನೆಯ ಮೇಜಿನ ಮೇಲಿನ ಇಂತಹ ಗೇಣುದ್ದದ ಬೊಂಬೆಗಳಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ತಂದೆಯವರು ರಾತ್ರಿಪಾಳಿ ಮುಗಿಸಿ, ಮನೆಗೂ ಹೋಗದೆ, ನಾನು ಮರೆತು ಬಂದಿದ್ದ ಫೀಯ ಹಣ ಕೊಡಲು ನೇರವಾಗಿ ಶಾಲೆಗೆ ಬಂದರು. ಮೈತುಂಬ ಮಸಿ, ಕಣ್ಣು, ಹಲ್ಲು ಮಾತ್ರ ಬೆಳ್ಳಗೆ. ಹುಡುಗರು ನಕ್ಕರು. “ಯಾರೋ ಅವರು, ಮುಖಕ್ಕ ಮಸಿ ಬಳಕೊಂಡವರು?” ಎಂದು ಒಬ್ಬ ಕೇಳಿದ. “ನಮ್ಮ ಓಣಿಯವರು” ಎಂದೆ. ತಂದೆಯವರು ಬಾಗಿಲಲ್ಲಿಯೇ ಇದ್ದರು. ಹಣ ಕೊಟ್ಟು ಹೋದರು. ಆಮೇಲೆ ಎಂದೂ ಅವರು ಡ್ಯೂಟಿಯ ಬಟ್ಟೆಯಲ್ಲಿ ಶಾಲೆಯ ಕಡೆ ಸುಳಿಯಲಿಲ್ಲ. ಎಷ್ಟೇ ಹೊತ್ತಾದರೂ ಮೊದಲು ನಲ್ಲಿಯ ಕೆಳಗೆ ಮುಖ ತೊಳೆದೇ ಬರುತ್ತಿದ್ದರು. ಆ ಮಸಿಯಿಂದ ಬಂದ ಸಂಬಳದಲ್ಲಿಯೇ ನಾನು ಬಿ.ಕಾಂ. ಆದದ್ದು.

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಇಂತಹ ಮಸಿ ಹೊಸದಲ್ಲ. ಹೋಟೆಲಿನ ಒಲೆಯ ಮುಂದೆ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು, ಗಿರಣಿಯ ಹತ್ತಿಯ ಧೂಳನ್ನು ಉಸಿರಾಡಿದವರು, ಗೋದಿಯಲ್ಲಿ ಮೂಟೆ ಹೊತ್ತವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯಿಲ್ಲ! ಅವರ ಫೋಟೋಗಳನ್ನು ಗೋಡೆಗೆ ಹಾಕುವಾಗ ನಾವು ಮದುವೆಯ ದಿನದ, ಜರಿಯ ಪೇಟದ ಫೋಟೋವನ್ನೇ ಆರಿಸುತ್ತೇವೆ. ಅದು ತಪ್ಪಲ್ಲ. ಆದರೆ ಅವರು ಬದುಕಿರುವಾಗ ಒಂದು ಸಂಜೆ ಪಕ್ಕದಲ್ಲಿ ಕುಳಿತು, ದುಡಿಮೆಯ ದಿನಗಳಲ್ಲಿ ಅವರ ಕೈ ಹೇಗಿತ್ತು, ಬಟ್ಟೆ ಹೇಗಿತ್ತು, ಯಾವ ಕಲೆ ಯಾವುದರಿಂದ ಆಯಿತು ಎಂದು ಕೇಳಿ ಬರೆದಿಡುವುದು ನಮ್ಮಿಂದ ಆಗತಕ್ಕ ಕೆಲಸ. ಮುಂದೆ ಕೇಳಬೇಕೆಂದರೆ ಹೇಳುವವರಿರುವುದಿಲ್ಲ.

ಆ ಎಂಜಿನ್ನು ಈಗ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿದೆ. ವಾರಕ್ಕೊಮ್ಮೆ ಧೂಳು ಹೊಡೆಯುವ ನನ್ನ ಹೆಂಡತಿಗೆ ಅದನ್ನೊಂದು ಮಾತ್ರ ಮುಟ್ಟಬೇಡವೆಂದು ಹೇಳಿದ್ದೇನೆ. ಶಾಲೆಯ ಆ ದಿನದ ಮಾತನ್ನು ನಾನೂ ತಂದೆಯವರೂ ಇದುವರೆಗೆ ಎತ್ತಿಲ್ಲ. ಈ ಸಂಚಿಕೆ ಮನೆಗೆ ಬಂದ ಕೂಡಲೆ ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುವುದು ಅವರ ಪದ್ಧತಿ. ಇದನ್ನೂ ಓದುವರು.